ಹೊಲಿಗೆ ನೋವಿಗೆ ಆ ಜೆಲ್ಲಿ ಹಚ್ಚಬಹುದಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮೊದಲನೇ ಹೆರಿಗೆ. ನಾರ್ಮಲ್ ಡೆಲಿವರಿ ಆಗಿ ಇವತ್ತಿಗೆ ಆರು ದಿನ. ಕೆಳಗೆ ಕಟ್ ಮಾಡಿ ಹೊಲಿಗೆ ಹಾಕಿದ್ದಾರೆ. ಬನಶಂಕರಿಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಕೂತರೆ ನೋವು, ಒಂದಕ್ಕೆ ಹೋದರೆ ಉರಿ, ಎರಡಕ್ಕೆ ಹೋಗೋಕೆ ಭಯ. ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಮಾತ್ರೆ ಮುಗಿದಿದೆ. ನಮ್ಮ ಅಕ್ಕ ತನ್ನ ಬಾಣಂತನದಲ್ಲಿ ಹಚ್ಚಿಕೊಂಡು ಉಳಿಸಿದ್ದ ಲಿಗ್ನೋಕೇನ್ ಜೆಲ್ಲಿ ಕೊಟ್ಟಿದ್ದಾಳೆ. ಹಚ್ಚಿದರೆ ಮರಗಟ್ಟಿ ನೋವೇ ಗೊತ್ತಾಗಲ್ಲ ಅನ್ನುತ್ತಾಳೆ. ಹಚ್ಚಬಹುದಾ? ಎದೆಹಾಲಿನಲ್ಲಿ ಮಗುವಿಗೆ ಹೋಗುತ್ತದಾ? ಕೆಂಡದ ಹೊಗೆ ಕೊಟ್ಟರೆ ಸಾಕು, ಒಣಗಿಹೋಗುತ್ತೆ ಅಂತ ಅಜ್ಜಿ ಹೇಳುತ್ತಾರೆ. ಇನ್ನು ನಾಲ್ಕು ದಿನಕ್ಕೆ ಮಗುವಿನ ಚೆಕಪ್‌ಗೆ ಆಟೋದಲ್ಲಿ ಹೋಗಬೇಕು. ಅದನ್ನು ನೆನೆಸಿಕೊಂಡರೇ ಅಳು ಬರುತ್ತದೆ.

ಉತ್ತರ: ಮೊದಲು ಅಕ್ಕನ ಟ್ಯೂಬನ್ನು ಕಸಕ್ಕೆ ಹಾಕಿಬಿಡಿ. ಅಕ್ಕನ ಮೇಲೆ ಬೇಜಾರಿಂದ ಹೇಳುತ್ತಿಲ್ಲ. ಅವರು ಬಾಣಂತಿಯಾಗಿದ್ದಾಗ ಆ ಟ್ಯೂಬಿನ ಮೂತಿ ಎಲ್ಲೆಲ್ಲಿ ತಾಗಿತ್ತೋ, ಎಷ್ಟು ದಿನ ಬೀರುವಿನಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು? ಹಸಿ ಗಾಯಕ್ಕೆ ಇನ್ನೊಬ್ಬರು ಬಳಸಿ ಉಳಿಸಿದ್ದನ್ನು ಹಚ್ಚಬಾರದು. ಹೊಸ ಟ್ಯೂಬು ದುಬಾರಿಯೇನಲ್ಲ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ, ಅವರು ಸರಿ ಅಂದರೆ ತರಿಸಿಕೊಳ್ಳಿ.

ಹಚ್ಚಬಹುದಾ ಅಂದರೆ, ಹಚ್ಚಬಹುದು. ಹಾಲು ಕುಡಿಸುವವರೂ ಹಚ್ಚಬಹುದು. ಆದರೆ ಅಕ್ಕ ಹೇಳಿದ ಹಾಗೆ ‘ನೋವೇ ಗೊತ್ತಾಗಲ್ಲ’ ಅಂತ ನಂಬಿ ಹಚ್ಚಿದರೆ ನಿರಾಸೆ ಆಗುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿಗ್ನೋಕೇನ್ ಹೊಸ ಔಷಧಿ ಅಲ್ಲ. 1943ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ ಇದನ್ನು ತಯಾರಿಸಿದರು. 1948ರಿಂದ ಝೈಲೋಕೇನ್ ಅನ್ನುವ ಹೆಸರಲ್ಲಿ ಮಾರಾಟಕ್ಕೆ ಬಂತು. ಈಗಲೂ ನಮ್ಮ ಎಷ್ಟೋ ನರ್ಸ್‌ಗಳಿಗೆ ಯಾವ ಕಂಪನಿಯದಾದರೂ ಅದು ಝೈಲೋಕೇನೇ. ಹಲ್ಲು ಕೀಳುವಾಗ ಚುಚ್ಚುವುದೂ ಇದೇ. ನಿಮಗೆ ಹೊಲಿಗೆ ಹಾಕುವ ಮುಂಚೆ ಚುಚ್ಚಿದ್ದೂ ಬಹುಶಃ ಇದೇ. ನೋವಿನ ಸುದ್ದಿ ನರದಲ್ಲಿ ಮೇಲಕ್ಕೆ ಹೋಗಬೇಕಾದರೆ ಸೋಡಿಯಂ ಕಣಗಳು ನರದ ಒಳಗೆ ನುಗ್ಗಬೇಕು. ಲಿಗ್ನೋಕೇನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಗಾಯ ಅಲ್ಲೇ ಇರುತ್ತದೆ, ಊತವೂ ಅಲ್ಲೇ ಇರುತ್ತದೆ. ಸುದ್ದಿ ಮಾತ್ರ ಸ್ವಲ್ಪ ಹೊತ್ತು ತಲೆಗೆ ಮುಟ್ಟುವುದಿಲ್ಲ.

ಸೂಜಿಯಲ್ಲಿ ಚುಚ್ಚಿದಾಗ ಔಷಧಿ ಆಳಕ್ಕೆ ಹೋಗುತ್ತದೆ. ಜೆಲ್ಲಿ ಹಚ್ಚಿದಾಗ ಹೋಗುವುದಿಲ್ಲ, ತೊಡಕು ಇರುವುದೇ ಇಲ್ಲಿ. ನಿಮಗೆ ಕಟ್ ಮಾಡಿದ್ದು ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗದಲ್ಲಿ. ಕತ್ತರಿ ಮೇಲಿನ ಚರ್ಮವನ್ನಷ್ಟೇ ಕತ್ತರಿಸುವುದಿಲ್ಲ, ಅದರ ಕೆಳಗಿನ ಸ್ನಾಯುವೂ ಸೇರುತ್ತದೆ. ಹೊಲಿಗೆ ಹಾಕುವುದೂ ಪದರ ಪದರವಾಗಿ: ಒಳಗಿನ ತೆಳು ಪೊರೆ, ನಡುವೆ ಸ್ನಾಯು, ಕೊನೆಗೆ ಚರ್ಮ. ಕೂತಾಗ ಜಗ್ಗುವುದು, ಮಗ್ಗುಲು ಬದಲಿಸುವಾಗ ಚುಳ್ ಅನ್ನುವುದು, ಸಂಜೆ ಹೊತ್ತಿಗೆ ಭಾರ ಭಾರ ಅನಿಸುವುದು, ಇದೆಲ್ಲ ನಡುವಿನ ಪದರದ ನೋವು. ಜೆಲ್ಲಿ ಅಲ್ಲಿಗೆ ಮುಟ್ಟುವುದಿಲ್ಲ. ಗಟ್ಟಿ ಚರ್ಮವನ್ನು ದಾಟುವುದಕ್ಕೇ ಅದಕ್ಕೆ ಕಷ್ಟ. ಒಳಗಿನ ತೆಳು ಪೊರೆಯ ಮೇಲೆ ಪರವಾಗಿಲ್ಲ, ಚೆನ್ನಾಗಿ ಕೆಲಸ ಮಾಡುತ್ತದೆ. ಸಾಲದ್ದಕ್ಕೆ ಬಾಣಂತಿಯ ರಕ್ತಸ್ರಾವ ಇನ್ನೂ ನಿಂತಿರುವುದಿಲ್ಲ. ಹಚ್ಚಿದ್ದರಲ್ಲಿ ಅರ್ಧ ಪ್ಯಾಡಿನ ಪಾಲು.

ಇದು ನನ್ನ ಅನುಮಾನ ಅಲ್ಲ. 2005ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತ್ತು. ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಕೂಡಿಸಿ ನೋಡುವುದೇ ಅವರ ಕೆಲಸ. 8 ಪ್ರಯೋಗ, 976 ಬಾಣಂತಿಯರು. ಒಂದಷ್ಟು ಜನಕ್ಕೆ ಮರಗಟ್ಟಿಸುವ ಔಷಧಿ, ಇನ್ನೊಂದಷ್ಟು ಜನಕ್ಕೆ ಔಷಧಿ ಇಲ್ಲದ ಸುಮ್ನೆ ಒಂದು ಮುಲಾಮು. ಮೊದಲ ಮೂರು ದಿನಗಳ ನೋವಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಚ್ಚುವುದನ್ನೇ ನಿಲ್ಲಿಸಬೇಕು ಅನ್ನುವಂಥ ತೊಂದರೆಯೂ ಕಾಣಲಿಲ್ಲ. ಹಾಗಾಗಿ ನಾನು ಇದನ್ನು ಬೇಡ ಅನ್ನುವುದಿಲ್ಲ, ಇದೊಂದೇ ಸಾಕು ಅಂತಲೂ ಅನ್ನುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಜೆಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಊಟ ಬೇರೆ ಇರಬೇಕು.

ಊಟ ಯಾವುದು ಅಂದರೆ, ನಿಮ್ಮಲ್ಲಿ ಮುಗಿದುಹೋಗಿದೆಯಲ್ಲ, ಆ ಮಾತ್ರೆ.

ನನಗೆ ಅರ್ಥವಾಗದ ಒಂದು ವಿಷಯ ಇದು. ನಮ್ಮ ಹೆಣ್ಣುಮಕ್ಕಳು ಎರಡು ದಿನ ಮಾತ್ರೆ ತಿಂದು, ಹಾಲಿನಲ್ಲಿ ಹೋಗುತ್ತದೆ ಅಂತ ಹೆದರಿ ನಿಲ್ಲಿಸುತ್ತಾರೆ. ಆಮೇಲೆ ಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ಪ್ಯಾರಾಸಿಟಮಾಲ್ ಹಾಲು ಕುಡಿಸುವವರಿಗೆ ಸುರಕ್ಷಿತ. ಡೋಲೋ 650 ಗೊತ್ತಲ್ವಾ, ನಮ್ಮ ಬೆಂಗಳೂರಿನದೇ ಕಂಪನಿಯದು, ಅದರಲ್ಲಿ ಇರುವುದೂ ಪ್ಯಾರಾಸಿಟಮಾಲ್ ಅಷ್ಟೇ. ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕು ತೆಗೆದುಕೊಂಡರೂ 2,600 ಮಿಲಿಗ್ರಾಂ ಆಗುತ್ತದೆ. ದಿನದ ಮಿತಿ 4,000. ನೋವು ತಡೆಯಲಾಗದ ಮಟ್ಟಕ್ಕೆ ಹೋದಮೇಲೆ ನುಂಗುವುದಲ್ಲ. ಮೂರ್ನಾಲ್ಕು ದಿನ ಗಡಿಯಾರ ನೋಡಿಕೊಂಡು ನುಂಗಿ. ಅಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರನ್ನು ಕೇಳಿ ಊಟ ಆದಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ ಸೇರಿಸಿಕೊಳ್ಳಬಹುದು. ಅದೂ ಹಾಲಿನಲ್ಲಿ ಹೋಗುವುದು ತೀರಾ ಕಡಿಮೆ. ಆದರೆ ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ, ಬಸುರಿಯಲ್ಲಿ ಬಿಪಿ ಏರಿದ್ದು, ಇವುಗಳಲ್ಲಿ ಯಾವುದಾದರೂ ಇದ್ದರೆ ಕೇಳದೆ ಬೇಡ. ಇನ್ನೊಂದು ಮಾತು. ಅಂಗಡಿಯವರು ‘ಕಾಂಬಿಫ್ಲಾಮ್ ತಗೊಳ್ಳಿ’ ಅಂದರೆ, ಅದರಲ್ಲಿ ಎರಡೂ ಔಷಧಿ ಇವೆ ಅನ್ನುವುದು ನೆನಪಿರಲಿ. ಅದರ ಮೇಲೆ ಡೋಲೋನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಬಂದಂತೆ. ಕೋಡೀನ್, ಟ್ರಮಡಾಲ್ ಇರುವ ಮಾತ್ರೆಗಳನ್ನಂತೂ ನೀವೇ ತೆಗೆದುಕೊಳ್ಳಬೇಡಿ. ಹಾಲಿನ ಮೂಲಕ ಮಗು ಮಂಪರಾಗಿ, ಉಸಿರಾಟಕ್ಕೇ ತೊಂದರೆ ಆಗಬಹುದು.

ಈಗ ಜೆಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಬರೋಣ. ಮೇಲುಮೇಲಿನ ಚುರುಚುರು, ಹೊಲಿಗೆಯ ದಾರದ ತುದಿ ಬಟ್ಟೆಗೆ ಉಜ್ಜಿ ಚುಚ್ಚುವುದು, ಚರ್ಮ ತರಚಿದ ಜಾಗದ ಉರಿ, ಇವಕ್ಕೆ ಪರವಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ‘ಲಿಗ್ನೋಕೇನ್ ಜೆಲ್ 2 ಪರ್ಸೆಂಟ್’ ಅಂತ ಕೇಳಿ. 30 ಗ್ರಾಂ ಟ್ಯೂಬಿನಲ್ಲಿ ಒಟ್ಟು 600 ಮಿಲಿಗ್ರಾಂ ಔಷಧಿ ಇರುತ್ತದೆ. ಒಂದು ಸಲಕ್ಕೆ ಅವರೆಕಾಳಿನಷ್ಟು ಸಾಕು. ಅದರಲ್ಲಿ ಹೆಚ್ಚೆಂದರೆ 20 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿದರೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ, ಅದರಲ್ಲಿ ಹಾಲಿಗೆ ಹೋಗುವುದು ಇನ್ನೂ ಸ್ವಲ್ಪ. ಮಗುವಿನ ವಿಚಾರದಲ್ಲಿ ನನಗೆ ಹಾಲಿಗಿಂತ ನಿಮ್ಮ ಬೆರಳಿನ ಚಿಂತೆ ಜಾಸ್ತಿ. ಜೆಲ್ಲಿ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಗುವನ್ನು ಎತ್ತಿಕೊಂಡರೆ, ಮಗು ಆ ಬೆರಳನ್ನು ಚೀಪುತ್ತದೆ. ಔಷಧಿ ನೇರವಾಗಿ ಬಾಯಿಗೇ ಹೋದಂತಾಯಿತು. ಹಲ್ಲು ಬರುವಾಗ ಕಂದಮ್ಮಗಳ ವಸಡಿಗೆ ಲಿಗ್ನೋಕೇನ್ ಹಚ್ಚಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಕಟುವಾಗಿಯೇ ಎಚ್ಚರಿಸಿದೆ. ಮೈಗೆ ಜಾಸ್ತಿ ಸೇರಿದರೆ ಮಕ್ಕಳಿಗೆ ಫಿಟ್ಸ್ ಬರಬಹುದು, ಹೃದಯಕ್ಕೂ ಪೆಟ್ಟಾಗಬಹುದು.

ಹಚ್ಚುವ ಕ್ರಮ ಹೀಗೆ. ಕೈ ತೊಳೆಯಿರಿ. ಉಗುರು ಬೆಚ್ಚಗಿನ ನೀರಿನಲ್ಲಿ ಜಾಗ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಶುಚಿಯಾದ ಗಾಸ್ ತುಂಡಿನ ಮೇಲೆ ಜೆಲ್ಲಿ ಹಾಕಿಕೊಂಡು ಹೊಲಿಗೆಯ ಸಾಲಿನ ಮೇಲೆ ತೆಳ್ಳಗೆ ಸವರಿ. ಟ್ಯೂಬಿನ ಮೂತಿ ಮೈಗೆ ತಾಗಬಾರದು. ಒಳಗೆ ತುರುಕಬೇಡಿ. ನಾಲ್ಕೈದು ನಿಮಿಷದಲ್ಲಿ ಮರಗಟ್ಟಿದ ಹಾಗೆ ಅನಿಸುತ್ತದೆ. ಒಂದು ಅರ್ಧ ಗಂಟೆ, ಮುಕ್ಕಾಲು ಗಂಟೆ ಇರುತ್ತದೆ. ಮತ್ತೆ ಕೈ ತೊಳೆಯಿರಿ. ಹಚ್ಚಿದ ಮೇಲೆ ಕೆಂಪು ದದ್ದು, ಕಡಿತ, ಉರಿ ಜಾಸ್ತಿಯಾದರೆ ನಿಲ್ಲಿಸಿಬಿಡಿ. ಕೆಲವರಿಗೆ ಇದು ಒಗ್ಗುವುದಿಲ್ಲ. ಹೃದಯ ಬಡಿತದ ತೊಂದರೆ, ಲಿವರ್ ತೊಂದರೆ ಇರುವವರು ಕೇಳಿಯೇ ಹಚ್ಚಬೇಕು.

ಅಂಗಡಿಯಲ್ಲಿ ಹೆಸರು ಹೇಳದೆ ‘ಮರಗಟ್ಟೋ ಕ್ರೀಮ್ ಕೊಡಿ’ ಅಂದರೆ ಏನೇನೋ ಕೊಡುತ್ತಾರೆ. ಪೈಲ್ಸ್‌ಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಲಿಗ್ನೋಕೇನ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಆರು ದಿನದ ಹಸಿ ಹೊಲಿಗೆಗೆ ಅದನ್ನು ನೀವೇ ಹಚ್ಚಬೇಡಿ, ಗಾಯ ಮಾಗುವುದು ತಡವಾಗಬಹುದು. 10 ಪರ್ಸೆಂಟಿನ ಸ್ಪ್ರೇ ಒಂದಿದೆ, ಅದರಲ್ಲಿ ಸ್ಪಿರಿಟ್ ಇರುತ್ತದೆ. ಹಸಿ ಗಾಯಕ್ಕೆ ಹೊಡೆದುಕೊಂಡರೆ ನೋವು ಹೋಗುವ ಮುಂಚೆ ಜೀವ ಬಾಯಿಗೆ ಬರುತ್ತದೆ.

ಈಗ ಅಜ್ಜಿಯ ವಿಷಯ. ಅಜ್ಜಿಯ ಬಾಣಂತನದಲ್ಲಿ ನನಗೆ ಇಷ್ಟವಾಗುವುದು ಬೇಕಾದಷ್ಟಿದೆ. ಬಾಣಂತಿಯನ್ನು ಮಲಗಿಸಿ, ಕೂತಲ್ಲಿಗೆ ಬಿಸಿಬಿಸಿ ಊಟ ಕೊಟ್ಟು, ಮನೆಗೆಲಸಕ್ಕೆ ಮುಟ್ಟಿಸದೆ ನೋಡಿಕೊಳ್ಳುವುದನ್ನು ಯಾವ ಆಸ್ಪತ್ರೆಯೂ ಮಾಡುವುದಿಲ್ಲ. ಆದರೆ ಕೆಂಡದ ಹೊಗೆ ಬೇಡ. ತಲೆಗೂದಲಿಗೆ ಒಂದಿಷ್ಟು ಸಾಂಬ್ರಾಣಿ ಹಿಡಿಯಲಿ, ಕಿಟಕಿ ತೆಗೆದಿಟ್ಟು, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಕೆಳಗಿನ ಗಾಯಕ್ಕೆ ಹೊಗೆ ಹಿಡಿದು ಒಣಗಿಸುವುದರಿಂದ ಪ್ರಯೋಜನ ಇಲ್ಲ. ಹೊಲಿಗೆ ಮಾಗುವುದು ಒಳಗಿನ ರಕ್ತ ಸಂಚಾರದಿಂದ.

ಜೆಲ್ಲಿ ಮತ್ತು ಕೆಂಡ ಎರಡೂ ಸೇರಿದರಂತೂ ಇನ್ನೂ ಕೆಟ್ಟದು. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ. ಸುಡುತ್ತಿದ್ದರೂ ನೀವು ಸುಮ್ಮನೆ ಕೂತಿರುತ್ತೀರಿ. ಕುದಿ ನೀರಿನ ಸ್ನಾನಕ್ಕೂ ಇದೇ ಮಾತು. ಐಸಿಗೂ ಇದೇ ಮಾತು. ಅದಕ್ಕೇ ನಾನು ಹೇಳುವ ಕ್ರಮ: ಮೊದಲು ಸ್ನಾನ, ಆಮೇಲೆ ಒರೆಸುವುದು, ಕೊನೆಗೆ ಜೆಲ್ಲಿ. ಜೆಲ್ಲಿ ಹಚ್ಚಿ ಒಂದು ಗಂಟೆ ಬಿಸಿಯೂ ಬೇಡ, ಐಸೂ ಬೇಡ. ಎಣ್ಣೆ ಸ್ನಾನ ಮಾಡಿಸುವವರು ಬಂದರೆ ನೆಲದ ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂರಬೇಡಿ, ಎತ್ತರದ ಸ್ಟೂಲು ಹಾಕಿಸಿಕೊಳ್ಳಿ. ನೀರು ಬೆನ್ನಿಗೆ, ಸೊಂಟಕ್ಕೆ ಬೀಳಲಿ. ಹೊಲಿಗೆಗೆ ನೇರವಾಗಿ ಎರಚುವುದು ಬೇಡ.

ಐಸು ಅಂದರೆ ಅಜ್ಜಿ ಹೌಹಾರುತ್ತಾರೆ, ಶೀತ ಆಗುತ್ತದೆ ಅಂತ. ಮೊದಲ ಎರಡು ಮೂರು ದಿನ ಊತಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವುದು, ತೆಗೆಯುವುದು, ಅಷ್ಟೇ. ನಿಮಗೆ ಆರು ದಿನ ಆಗಿರುವುದರಿಂದ ಈಗ ಅದರ ಲಾಭ ಕಡಿಮೆ. ಆದರೂ ಊತ ಇದ್ದರೆ ಇಟ್ಟುಕೊಳ್ಳಿ. ಈಗ ನಿಮಗೆ ಹಿತ ಕೊಡುವುದು ಟಬ್ ಬಾತ್. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸೊಂಟ ಮುಳುಗುವಷ್ಟು ಬೆಚ್ಚನೆ ನೀರು ಹಾಕಿ ಹತ್ತು ನಿಮಿಷ ಕೂರಬೇಕು. ದಿನಕ್ಕೆ ಎರಡು ಸಲ. ನೆಲದ ಟಬ್ಬಿನಿಂದ ಏಳುವುದು ಕಷ್ಟ ಅನ್ನುವವರಿಗೆ ಕಮೋಡಿನ ಮೇಲೆ ಕೂರಿಸುವ ಬೇಸಿನ್ ಸಿಗುತ್ತದೆ. ಡೆಟಾಲು, ಬೆಟಾಡಿನ್ನು, ಉಪ್ಪು ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ನೀರು ಸಾಕು. ಡೆಟಾಲ್ ಅಂತೂ ಉರಿಸುತ್ತದೆ. ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತ್ರ ಬೆಟಾಡಿನ್ ಹಾಕಿ.

ಒಂದಕ್ಕೆ ಹೋದಾಗಿನ ಉರಿಗೆ ಜೆಲ್ಲಿಗಿಂತ ಒಂದು ಚೊಂಬು ನೀರು ಮೇಲು. ಉಚ್ಚೆ ಬರುತ್ತಿರುವಾಗಲೇ ಇನ್ನೊಂದು ಕೈಯಿಂದ ಉಗುರು ಬೆಚ್ಚಗಿನ ನೀರನ್ನು ಮುಂದಿನಿಂದ ಹಿಂದಕ್ಕೆ ಸುರಿಯುತ್ತಾ ಇರಿ. ಉಚ್ಚೆ ತೆಳ್ಳಗಾಗಿ ಗಾಯಕ್ಕೆ ಅಷ್ಟಾಗಿ ತಾಗುವುದಿಲ್ಲ. ಹೆಲ್ತ್ ಫಾಸೆಟ್ ಜೋರಾಗಿ ಬಿಡಬೇಡಿ. ನೀರು ಜಾಸ್ತಿ ಕುಡಿದರೆ ಉರಿ ಕಡಿಮೆಯಾಗುತ್ತದೆ. ನಮ್ಮಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ, ಹೊಟ್ಟೆ ದಪ್ಪ ಆಗುತ್ತದೆ ಅಂತ. ದಯವಿಟ್ಟು ಅದನ್ನು ನಿಲ್ಲಿಸಿ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ. ನೀರು ಕಡಿಮೆಯಾದರೆ ಉಚ್ಚೆ ಉರಿಯುತ್ತದೆ, ಮಲ ಗಟ್ಟಿಯಾಗುತ್ತದೆ.

ಮಲ ಗಟ್ಟಿಯಾಗುವುದು ಅಂದೆನಲ್ಲ, ಇದರಲ್ಲಿ ನನಗೇ ಅನುಭವ ಆಗಿದೆ. ನನ್ನ ಮೊದಲ ಹೆರಿಗೆ ಆದಾಗ ನಾನಾಗಲೇ ಡಾಕ್ಟರು. ಅಷ್ಟರಲ್ಲಿ ಎಷ್ಟೋ ಬಾಣಂತಿಯರಿಗೆ ‘ಹೆದರಬೇಡಿ, ಹೊಲಿಗೆ ಬಿಚ್ಚಲ್ಲ’ ಅಂತ ಹೇಳಿದ್ದವಳು. ನನ್ನ ಸರದಿ ಬಂದಾಗ ಎರಡಕ್ಕೆ ಹೋಗಲು ಹೆದರಿ ನಾಲ್ಕು ದಿನ ತಡೆದುಕೊಂಡೆ. ಐದನೇ ದಿನ ಬೆಳಗ್ಗೆ ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ಕೂತವಳು ಮುಕ್ಕಾಲು ಗಂಟೆ ಏಳಲಿಲ್ಲ. ಹೊರಗೆ ನಿಂತ ಅಮ್ಮ ‘ಏನಾಯ್ತೇ, ಬದುಕಿದೀಯಾ?’ ಅಂತ ಬಾಗಿಲು ತಟ್ಟುತ್ತಿದ್ದರು. ಹೊಲಿಗೆಗೆ ಏನೂ ಆಗಲಿಲ್ಲ. ಆದರೆ ಆ ದಿನದಿಂದ ನಾನು ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆಯ ಪಕ್ಕದಲ್ಲೇ ಮಲ ಸಡಿಲ ಮಾಡುವ ಸಿರಪ್ಪನ್ನೂ ಬರೆಯುತ್ತೇನೆ.

ಲ್ಯಾಕ್ಟುಲೋಸ್ ಸಿರಪ್ ರಾತ್ರಿ ಮಲಗುವಾಗ 15 ಎಂ.ಎಲ್. ತೆಗೆದುಕೊಳ್ಳಬಹುದು, ಹಾಲು ಕುಡಿಸುವವರಿಗೆ ತೊಂದರೆ ಇಲ್ಲ. ಇಸಬ್‌ಗೋಲ್ ಬೇಕಾದರೆ ಒಂದೆರಡು ಚಮಚ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆ ಮಾಡಿದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಊಟಕ್ಕೆ ಸಬ್ಬಸಿಗೆ ಸೊಪ್ಪು, ಹೀರೇಕಾಯಿ, ಪರಂಗಿ ಹಣ್ಣು ಎಲ್ಲ ಇರಲಿ. ಪರಂಗಿ ಉಷ್ಣ, ಬಾಳೆಹಣ್ಣು ಶೀತ ಅಂತ ಎರಡನ್ನೂ ನಿಲ್ಲಿಸಿದರೆ ಬಾಣಂತಿ ತಿನ್ನುವುದೇನನ್ನು? ಬರೀ ಅನ್ನ, ಮೆಣಸಿನ ಸಾರು, ತುಪ್ಪ ಆದರೆ ಹೊಟ್ಟೆ ಕಟ್ಟುತ್ತದೆ. ಕಮೋಡಿನಲ್ಲಿ ಕೂತಾಗ ಪಾದದ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಮಣೆಗೆ ಅಲ್ಲಿ ಒಳ್ಳೆಯ ಕೆಲಸ ಇದೆ. ಮುಂದಕ್ಕೆ ಬಾಗಿ, ಶುಚಿಯಾದ ಪ್ಯಾಡನ್ನು ಹೊಲಿಗೆಯ ಮೇಲೆ ಮೆತ್ತಗೆ ಒತ್ತಿಹಿಡಿಯಿರಿ. ಆ ಒತ್ತುವಿಕೆಗೆ ಅರ್ಧ ಭಯ ಹೋಗುತ್ತದೆ. ಬೇಕಾದರೆ ಹೋಗುವ ಐದು ನಿಮಿಷ ಮುಂಚೆ ಜೆಲ್ಲಿ ಸವರಿಕೊಳ್ಳಿ. ನನ್ನ ಪ್ರಕಾರ ಆ ಟ್ಯೂಬಿನ ಅತ್ಯುತ್ತಮ ಉಪಯೋಗ ಇದೇ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಮೂರನೇ ಅಥವಾ ನಾಲ್ಕನೇ ಡಿಗ್ರಿ ಹರಿದ ಗಾಯ ಅಂತ ಬರೆದಿದ್ದರೆ, ಅಂದರೆ ಗಾಯ ಗುದದ್ವಾರದ ಸ್ನಾಯುವಿನವರೆಗೆ ಹೋಗಿದ್ದರೆ, ಹಿಂದಿನಿಂದ ಹಾಕುವ ಮಾತ್ರೆ, ಎನಿಮಾ ಯಾವುದೂ ಡಾಕ್ಟರ್ ಹೇಳದೆ ಬೇಡ.

ಜೆಲ್ಲಿಯಿಂದ ನನಗಿರುವ ನಿಜವಾದ ಭಯ ಬೇರೆಯೇ ಇದೆ. ಸುದ್ದಿ ತಲೆಗೆ ಮುಟ್ಟದ ಹಾಗೆ ಮಾಡುತ್ತದೆ ಅಂದೆನಲ್ಲ? ಕೆಲವು ಸುದ್ದಿ ಮುಟ್ಟಲೇಬೇಕು.

ನಾನು ಪಿ.ಜಿ. ಓದುತ್ತಿದ್ದಾಗಿನ ಮಾತು. ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಸಂಜೆ ಹೆರಿಗೆಯಾದ ಹುಡುಗಿಯೊಬ್ಬಳು ನೋವು ನೋವು ಅಂತ ಒಂದೇ ಸಮ ಗೋಳಾಡುತ್ತಿದ್ದಳು. ಸಿಸ್ಟರ್ ಎರಡು ಸಲ ಜೆಲ್ಲಿ ಹಚ್ಚಿ ಬಂದಿದ್ದರು. ನಾನು ಬಾಗಿಲಲ್ಲೇ ನಿಂತು ‘ಹೊಲಿಗೆ ಹಾಕಿದ ಮೇಲೆ ನೋವು ಇರುತ್ತಮ್ಮ, ಸ್ವಲ್ಪ ತಡ್ಕೊ’ ಅಂದೆ. ಅವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಮೇಡಂ, ಹೊಲಿಗೆ ಅಲ್ಲ, ಹಿಂದೆ ಏನೋ ಒತ್ತುತ್ತಾ ಇದೆ, ಎರಡಕ್ಕೆ ಬಂದ ಹಾಗೆ.’ ನಾನು ಮುಂದಿನ ಹಾಸಿಗೆಗೆ ಹೋದೆ. ಒಂದು ಗಂಟೆ ಬಿಟ್ಟು ಮನಸ್ಸು ತಡೆಯದೆ ಲೈಟ್ ಹಾಕಿಸಿ ನೋಡಿದರೆ, ಒಂದು ಮಗ್ಗುಲು ಬದನೆಕಾಯಿಯ ಹಾಗೆ ಉಬ್ಬಿ ನೀಲಿಯಾಗಿತ್ತು. ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಒಳಗೆ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿತ್ತು. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ ಹೊಲಿಗೆ ಬಿಚ್ಚಿ ಹೆಪ್ಪು ತೆಗೆದು, ಎರಡು ಬಾಟಲಿ ರಕ್ತ ಕೊಟ್ಟೆವು. ಅವಳು ಚೇತರಿಸಿಕೊಂಡಳು. ಆ ಒಂದು ಗಂಟೆ ಮಾತ್ರ ನನ್ನ ತಪ್ಪು.

ಅದು ಸಾಮಾನ್ಯವಾಗಿ ಮೊದಲ ಒಂದು ದಿನದೊಳಗೆ ಕಾಣಿಸಿಕೊಳ್ಳುವ ತೊಂದರೆ, ನಿಮಗೆ ಆ ಗಡಿ ದಾಟಿದೆ. ನಿಮ್ಮ ಹಂತದಲ್ಲಿ ನೋಡಬೇಕಾದ್ದು ಸೋಂಕನ್ನು. ನೋವಿನ ದಾರಿ ನೋಡಿ: ನಿನ್ನೆಗಿಂತ ಇವತ್ತು ಕೂದಲೆಳೆಯಷ್ಟಾದರೂ ಕಡಿಮೆ ಇರಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ ಅಥವಾ ಚಳಿ ಬಂದರೆ, ಕೆಟ್ಟ ವಾಸನೆ, ಕೀವು ಕಂಡರೆ, ಹೊಲಿಗೆ ಬಾಯಿ ಬಿಟ್ಟ ಹಾಗೆ ಅನಿಸಿದರೆ ಜೆಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಹೋಗಿ. ಸೋಂಕಾದ ಜಾಗದಲ್ಲಿ ಹುಳಿ ಅಂಶ ಜಾಸ್ತಿಯಾಗಿ ಲಿಗ್ನೋಕೇನ್ ಸರಿಯಾಗಿ ಹಿಡಿಯುವುದೂ ಇಲ್ಲ. ‘ಮೊನ್ನೆ ಹಚ್ಚಿದರೆ ಹಿತ ಆಗ್ತಿತ್ತು, ಈಗ ಏನೂ ಆಗ್ತಿಲ್ಲ’ ಅನ್ನುವ ಮಾತು ಕೇಳಿದರೆ ನಾನು ತಕ್ಷಣ ಬಂದು ತೋರಿಸಿ ಅನ್ನುತ್ತೇನೆ. ಗ್ಯಾಸು, ಮಲ ತಡೆಯಲಾಗದೆ ಜಾರಿದರೆ ನಾಚಿಕೊಂಡು ಮುಚ್ಚಿಡಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ ಹೋದರೆ ಫೋನ್ ಮಾಡಿ ಕೇಳುತ್ತಾ ಕೂರಬೇಡಿ, 108 ಕರೆಯಿರಿ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ ತಾಯಿ ಕಾರ್ಡ್ ಹಿಡಿದುಕೊಂಡು ಹೋಗಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಶುರುವಾಗಿದೆ, ಬಾಣಂತನದ ತೊಂದರೆಗೂ ಅಲ್ಲಿ ದುಡ್ಡು ಕೇಳುವಂತಿಲ್ಲ.

ಒಂದು ಸಣ್ಣ ವಿಷಯವನ್ನು ಮುಂಚೆಯೇ ಹೇಳಿಬಿಡುತ್ತೇನೆ. ಎರಡನೇ ವಾರದಲ್ಲಿ ಪ್ಯಾಡಿನ ಮೇಲೆ ದಾರದ ಚೂರು ಕಾಣಬಹುದು. ಹೊಲಿಗೆ ಬಿಚ್ಚಿತು ಅಂತ ಮಧ್ಯರಾತ್ರಿ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದಕ್ಕೇ. ಈಗ ಬಳಸುವ ದಾರ ತಾನಾಗಿ ಕರಗುವಂಥದ್ದು. ಬೇಗ ಕರಗುವ ದಾರವಾದರೆ ಹತ್ತು ಹದಿನಾಲ್ಕು ದಿನಕ್ಕೆ ಬಿಗಿ ಕಳೆದುಕೊಂಡು, ಸುಮಾರು 42 ದಿನಕ್ಕೆ ಪೂರ್ತಿ ಮಾಯವಾಗುತ್ತದೆ. ಅದೇ ಹೊತ್ತಿಗೆ ಸಣ್ಣಗೆ ತುರಿಕೆಯೂ ಶುರುವಾಗುತ್ತದೆ, ಮಾಗುವ ಗಾಯದ ಲಕ್ಷಣ. ತುರಿಕೆಗೆ ಜೆಲ್ಲಿ ಬೇಡ. ಐದಾರು ದಿನಕ್ಕಿಂತ ಹೆಚ್ಚು ಜೆಲ್ಲಿ ಬೇಕು ಅನಿಸುತ್ತಿದ್ದರೆ ಅದೇ ಒಂದು ಸುದ್ದಿ, ಗಾಯ ತೋರಿಸಬೇಕು. ಆರು ವಾರದ ಚೆಕಪ್‌ಗೆ ಮಗುವನ್ನು ತೋರಿಸಿ ಹಾಗೇ ವಾಪಸ್ ಬರಬೇಡಿ, ನಿಮ್ಮ ಹೊಲಿಗೆಯನ್ನೂ ನೋಡಲಿ. ಗಂಡನ ಜೊತೆ ಸೇರುವಾಗ ನೋವಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಹಾಲು ಕುಡಿಸುವ ದಿನಗಳಲ್ಲಿ ಆ ಜಾಗ ಒಣಗುವುದು ಸಹಜ, ಪರಿಹಾರ ಸುಲಭ.

ಹಾಲು ಕುಡಿಸುವುದಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲೇಬೇಕು ಅಂತ ಇಲ್ಲ. ಮಗ್ಗುಲಾಗಿ ಮಲಗಿ, ಮಗುವಿನ ಮುಖ ನಿಮ್ಮ ಕಡೆ ತಿರುಗಿಸಿಕೊಂಡು ಕುಡಿಸಿ. ದಿನಕ್ಕೆ ಹತ್ತು ಹನ್ನೆರಡು ಸಲ ಕೂರುವುದು ತಪ್ಪಿದರೆ ಅದೇ ಎಷ್ಟೋ ನೋವು ಕಮ್ಮಿ. ಗ್ಯಾಸ್ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಹಾಗೆ ಮೆಲ್ಲಗೆ ಹಿಡಿದು ಬಿಡುವುದನ್ನು ದಿನಕ್ಕೆ ನಾಲ್ಕಾರು ಸಲ ಮಾಡಿ. ರಕ್ತ ಓಡಾಡಿ ಊತ ಇಳಿಯುತ್ತದೆ.

ಇನ್ನು ಆಟೋ. ಅಳಬೇಡಿ, ಅದಕ್ಕೂ ದಾರಿ ಇದೆ. ಹೊರಡುವ ಮುಕ್ಕಾಲು ಗಂಟೆ ಮುಂಚೆ ಏನಾದರೂ ತಿಂದು ಮಾತ್ರೆ ನುಂಗಿ. ಜೆಲ್ಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಆಟೋ ಕುಲುಕುವುದು ಒಳಗಿನ ಸ್ನಾಯುವನ್ನು. ನಡುವೆ ತೂತಿರುವ ರಿಂಗ್ ದಿಂಬು ತರಬೇಡಿ, ಅದರಲ್ಲಿ ಹೊಲಿಗೆಯ ಜಾಗ ಜೋತುಬಿದ್ದು ಇನ್ನಷ್ಟು ಜಗ್ಗುತ್ತದೆ ಅಂತ ಕೆಲವರು ಹೇಳುತ್ತಾರೆ. ಎರಡು ಟವೆಲ್ ಸುರುಳಿ ಸುತ್ತಿ ಎರಡೂ ತೊಡೆಯ ಕೆಳಗೆ ಒಂದೊಂದು ಇಟ್ಟುಕೊಳ್ಳಿ. ಮಗು ಅಮ್ಮನ ಕೈಯಲ್ಲಿರಲಿ. ಹತ್ತುವಾಗಲೇ ಡ್ರೈವರಿಗೆ ‘ಅಣ್ಣ, ಬಾಣಂತಿ ಇದಾರೆ, ಹಂಪ್ ನೋಡ್ಕೊಂಡು ಹೋಗಿ’ ಅಂತ ಅಮ್ಮನೇ ಹೇಳಲಿ. ನಾನು ಕಂಡಂತೆ ಬೆಂಗಳೂರಿನಲ್ಲಿ ಮೀಟರ್ ಹಾಕಲು ಒಪ್ಪದವರೂ ಈ ಮಾತಿಗೆ ಬಗ್ಗುತ್ತಾರೆ. ಆದರೂ ಹಂಪ್ ಬಂದಾಗ ಎರಡೂ ಅಂಗೈ ಸೀಟಿಗೆ ಊರಿ, ಕುಂಡೆಯನ್ನು ಎರಡು ಬೆರಳಷ್ಟು ಮೇಲಕ್ಕೆತ್ತಿ, ದಾಟಿದ ಮೇಲೆ ಕೂತುಕೊಳ್ಳಿ.